ಹಳೆ ರೇಷ್ಮೆ ಸೀರೆಯ ಆನ್‌ಲೈನ್ ವ್ಯಾಪಾರ: ಜರಿ ಆಮೇಲೆ, ಮೊದಲು ಮಡಿಕೆ ನೋಡಿ

ಹಳೆ ಸೀರೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸೆರಗಿನ ಜರಿಗೆ. ಈ ವ್ಯಾಪಾರಕ್ಕೆ ಹೊಸದಾಗಿ ಇಳಿದವರು ದುಡ್ಡು ಕಳೆದುಕೊಳ್ಳುವುದೂ ಅಲ್ಲೇ. ಜರಿ ಬಾಳುತ್ತದೆ, ರೇಷ್ಮೆ ಸೋಲುತ್ತದೆ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟ ಸೀರೆ ಮೊದಲು ಪಿಸಿಯುವುದು ಆ ಗೆರೆಯಲ್ಲಿ, ಅದರಲ್ಲೂ ಭಾರದ ಅಂಚು ತೆಳು ಒಡಲನ್ನು ಸೇರುವ ಕಡೆ. ಆದ್ದರಿಂದ ಬೆಲೆ ಮಾತಾಡುವ ಮುಂಚೆ ಸೀರೆಯನ್ನು ಪೂರ್ತಿ ಬಿಚ್ಚಿಸಿ ನೋಡಿ. ಮಡಿಸಿದ ಸೀರೆಯ ಮೇಲಿನ ಪದರ ಮಾತ್ರ ನೋಡಿ ಕೊಂಡರೆ ಒಳಗಿನ ಐದು ಮೀಟರು ಏನಾಗಿದೆಯೋ ಗೊತ್ತಾಗುವುದಿಲ್ಲ.

ಮಾಲೀಕರ ಒಪ್ಪಿಗೆ ಪಡೆದು ಮಡಿಕೆಯ ಗೆರೆಯ ಎರಡೂ ಪಕ್ಕ ಹೆಬ್ಬೆರಳು ಇಟ್ಟು, ನಡುವೆ ಒಂದಂಗುಲ ಬಿಟ್ಟು, ಹದವಾಗಿ ಎಳೆಯಿರಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಗಟ್ಟಿ ರೇಷ್ಮೆ ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತದೆ. ಜೀರ್ಣವಾದದ್ದು ಚರ್ ಎಂದು ಬಾಯಿ ಬಿಡುತ್ತದೆ. ನಾಲ್ಕು ಕಡೆ ಹೀಗೆ ನೋಡಿದರೆ ಸಾಕು: ನಡು ಮಡಿಕೆ, ನೆರಿಗೆಯ ಕೆಳ ಅಂಚು, ಸೆರಗು ಒಡಲು ಕೂಡುವ ಜಾಗ, ಭುಜಕ್ಕೆ ಪಿನ್ನು ಹಾಕುವ ಜಾಗ. ಆಮೇಲೆ ಕಿಟಕಿಗೆ ಅಡ್ಡ ಹಿಡಿದು ಬೆಳಕಿನಲ್ಲಿ ನೋಡಿ. ಹುಳು ತಿಂದ ತೂತು, ಎಳೆ ಜರುಗಿದ ಜಾಗ ಎಲ್ಲ ಅಲ್ಲಿ ಕಾಣುತ್ತದೆ, ದೀಪದ ಕೆಳಗೆ ಕಾಣುವುದಿಲ್ಲ.

ಇಷ್ಟು ನೋಡಿದ ಮೇಲೆ ಸೀರೆ ಮೂರರಲ್ಲಿ ಒಂದು ಗುಂಪಿಗೆ ಬೀಳುತ್ತದೆ: ಉಡುವಂಥದ್ದು, ಕತ್ತರಿಸಿ ಲಂಗ, ಕುರ್ತಾ, ಬ್ಲೌಸ್ ಹೊಲಿಸುವಂಥದ್ದು, ಜರಿಯೊಳಗಿನ ಬೆಳ್ಳಿಗಷ್ಟೇ ಬೆಲೆ ಇರುವಂಥದ್ದು. ಮಡಿಕೆ ಪಿಸಿದಿದ್ದರೂ ಮಡಿಕೆಗಳ ನಡುವಿನ ಬಟ್ಟೆ ಗಟ್ಟಿ ಇದ್ದರೆ ಎರಡನೆಯದು. ನಡುವಿನ ಬಟ್ಟೆಯೂ ಬಾಯಿ ಬಿಟ್ಟರೆ ಯಾವ ದರ್ಜಿಯೂ ಏನೂ ಮಾಡಲಾರ, ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ.

ರೇಷ್ಮೆಯೋ ಅಲ್ಲವೋ, ಜರಿ ಯಾವುದು

ಸೆರಗಿನ ತುದಿಯಿಂದ ಹಾಸಿನ (ಉದ್ದಕ್ಕೆ ಹೋಗುವ) ಎರಡು ಎಳೆ, ಹೊಕ್ಕಿನ (ಅಡ್ಡಕ್ಕೆ ಹೋಗುವ) ಎರಡು ಎಳೆ ಬೇರೆ ಬೇರೆ ತೆಗೆಯಿರಿ. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳಿಗೇನೂ ಕೊರತೆಯಿಲ್ಲ, ಒಂದೇ ಕಡೆಯ ಎಳೆ ಸುಟ್ಟು ನೋಡಿದವರು ಮೋಸ ಹೋಗುತ್ತಾರೆ. ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕಾಗದ ಸುಟ್ಟಂತೆ ಉರಿಯುತ್ತದೆ. ದುಬಾರಿ ಸೀರೆಯಾದರೆ ಬೆಂಗಳೂರಿನ ಬಿಟಿಎಂ ಲೇಔಟ್‌ನ ಕೇಂದ್ರ ರೇಷ್ಮೆ ಮಂಡಳಿ ಆವರಣದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಕೆಎಸ್‌ಐಸಿ (ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ತನ್ನ ಮೈಸೂರು ಸಿಲ್ಕ್ ಜರಿಗೆ ಹೇಳುವ ಲೆಕ್ಕ 65% ಬೆಳ್ಳಿ, 0.65% ಚಿನ್ನ. ಟೆಸ್ಟೆಡ್ ಜರಿಯಲ್ಲಿ ಒಳಗಿರುವುದು ತಾಮ್ರದ ತಂತಿ. ಪ್ಲಾಸ್ಟಿಕ್ ಜರಿಯಲ್ಲಿ ಲೋಹವೇ ನೆಪಕ್ಕೆ. ಸೆರಗಿನ ಹಿಂಬದಿಯಲ್ಲಿ ಒಂದು ಜರಿ ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಸುತ್ತು ಬಿಚ್ಚಿ ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ ಎಳೆ ಕಂಡು, ಕೆರೆದ ತಂತಿ ಬೆಳ್ಳಗಿದ್ದರೆ ಅಸಲಿ ಇರಬೇಕು. ತಂತಿ ಕೆಂಪಗಿದ್ದರೆ ತಾಮ್ರ. ಖಾತ್ರಿಗೆ ನಗರ್ತಪೇಟೆಯ ಅಕ್ಕಸಾಲಿಗರ ಹತ್ತಿರ ಒರೆಗಲ್ಲಿಗೆ ಹಚ್ಚಿಸಬಹುದು. ಕಪ್ಪಾಗಿದೆ ಎಂದು ಜರಿಯನ್ನು ಹೀಗಳೆಯಬೇಡಿ: ಗಾಳಿಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಜರಿಗೆ ಆ ಗತಿ ಬರುವುದಿಲ್ಲ.

ಸರಕು ಎಲ್ಲಿ ಸಿಗುತ್ತದೆ

ಒಳ್ಳೆಯ ಸೀರೆ ಅಂಗಡಿಗೆ ಬರುವುದು ಅಪರೂಪ, ಮನೆಯಲ್ಲೇ ಇರುತ್ತದೆ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಬೀರು ಖಾಲಿಯಾಗುತ್ತದೆ. ಪರಿಚಯದವರ ಮೂಲಕವೇ ಹೋಗಿ. ಮಂಗಳವಾರ, ಶುಕ್ರವಾರ ಹೋಗಬೇಡಿ, ಲಕ್ಷ್ಮಿಯನ್ನು ಹೊರಗೆ ಕಳಿಸಿದಂತಾಯಿತು ಎಂದು ಎಷ್ಟೋ ಮನೆಗಳಲ್ಲಿ ಆ ದಿನ ಏನನ್ನೂ ಕೊಡುವುದಿಲ್ಲ. ಧಾರೆ ಸೀರೆಗೆ ಬೆಲೆ ಕಟ್ಟುವಾಗ ನಾಲಿಗೆ ಹಿಡಿತದಲ್ಲಿರಲಿ. "ಇದರಲ್ಲಿ ಏನೂ ಇಲ್ಲಮ್ಮ" ಎಂದುಬಿಟ್ಟರೆ ಉಳಿದ ಸೀರೆಗಳು ಬೀರುವಿನಿಂದ ಹೊರಗೇ ಬರುವುದಿಲ್ಲ. ಕೊಂಡದ್ದಕ್ಕೆ ಹೆಸರು, ದಿನಾಂಕ, ಮೊತ್ತ, ಸಹಿ ಇರುವ ಚೀಟಿ ಮಾಡಿ, ಹಣ ಯುಪಿಐನಲ್ಲಿ ಕೊಡಿ. ನಾಳೆ ಆ ಮನೆಯ ಇನ್ನೊಬ್ಬ ಮಗಳು ಬಂದು ಕೇಳಿದಾಗ ಆ ಚೀಟಿ ಬೇಕಾಗುತ್ತದೆ, ತೆರಿಗೆ ಲೆಕ್ಕಕ್ಕೂ ಬೇಕು.

ಎರಡನೆಯ ಜಾಗ ಚಿಕ್ಕಪೇಟೆ, ಅವೆನ್ಯೂ ರಸ್ತೆ ಸುತ್ತಲಿನ ಹಳೆ ಜರಿ ಕೊಳ್ಳುವ ಅಂಗಡಿಗಳು. ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುವವರು, ಬಣ್ಣ, ನೇಯ್ಗೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಉರಿಸುವ ಮುಂಚೆ ತೋರಿಸಿ ಎಂದು ಒಬ್ಬಿಬ್ಬರ ಹತ್ತಿರ ಮಾತಾಡಿಕೊಂಡು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಇಡೀ ಸೀರೆ ಸಿಗುತ್ತದೆ. ಈ ಬೆಳ್ಳಿ ಬೆಲೆಯೇ ನಿಮ್ಮ ತಳ. ಉಳಿದೆಲ್ಲ ಕೈಕೊಟ್ಟರೂ ಸೀರೆ ಅಷ್ಟಕ್ಕೆ ಹೋಗುತ್ತದೆ.

ಭಾನುವಾರದ ಸಂತೆಯಲ್ಲಿ ರೇಷ್ಮೆ ಸಿಗುವುದು ಅದೃಷ್ಟ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಫ್ರಾಕುಗಳನ್ನು "ವಿಂಟೇಜ್" ಎಂದು ಮಾರುವವರಿದ್ದಾರೆ. ಲೇಬಲ್ ಕತ್ತರಿಸಿದ ಮಾತ್ರಕ್ಕೆ ಹೋದ ವರ್ಷದ ಬಟ್ಟೆ ಹಳೆಯದಾಗುವುದಿಲ್ಲ.

ವಯಸ್ಸು ಹೇಳುವುದು

ಸೀರೆಯ ಜೊತೆ ಬಂದ ಡಬ್ಬಿ, ಬಿಲ್ಲು, ಚೀಟಿ ಯಾವುದನ್ನೂ ಎಸೆಯಬೇಡಿ. ಬೆಲೆ ನಯಾ ಪೈಸೆಯಲ್ಲಿ ಬರೆದಿದ್ದರೆ 1957ರಿಂದ 1964ರ ನಡುವಿನದು. ಅಂಗಡಿಯ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್‌ನಿಂದ ಈಚೆಯದು, ಬರೀ "ಬೆಂಗಳೂರು-2" ಎಂದಿದ್ದರೆ ಅದಕ್ಕೂ ಹಿಂದಿನದಿರಬಹುದು. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ಮೈಸೂರಿನ ರೇಷ್ಮೆ ಕಾರ್ಖಾನೆ 1912ರದ್ದಾದರೂ ಕೆಎಸ್‌ಐಸಿ ಕೈಗೆ ಬಂದದ್ದು 1980ರಲ್ಲಿ, ಹಾಗಾಗಿ ಕೆಎಸ್‌ಐಸಿ ಚೀಟಿ ಇರುವ ಸೀರೆಯನ್ನು "ಅರವತ್ತರ ದಶಕದ್ದು" ಎನ್ನುವಂತಿಲ್ಲ. ಅಪ್ಪಟ ರೇಷ್ಮೆಗೆ ಹಚ್ಚುವ ಸಿಲ್ಕ್ ಮಾರ್ಕ್ ಚೀಟಿ ಬಂದದ್ದು 2004ರಲ್ಲಿ. ಒಂದು ಎಚ್ಚರ: ನಮ್ಮ ಮನೆಗಳಲ್ಲಿ ಸೀರೆ ಡಬ್ಬಿಯಲ್ಲಿ ಆ ಸೀರೆ ಬಿಟ್ಟು ಉಳಿದೆಲ್ಲ ಇರುತ್ತದೆ. ಡಬ್ಬಿಯೂ ಸೀರೆಯೂ ಒಂದೇ ಎಂದು ಮಾಲೀಕರು ಹೇಳಿದರೆ ಮಾತ್ರ ನಂಬಿ.

"ನೂರು ವರ್ಷದ ಸೀರೆ" ಎಂದು ಮಾತ್ರ ಬರೆಯಬೇಡಿ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಶುಚಿ, ರಿಪೇರಿ

ತಂದ ಸೀರೆ ನೇರ ಸ್ಟಾಕಿಗೆ ಸೇರಬಾರದು. ಹುಳುವಿನ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ನುಸಿಗುಳಿಗೆ ವಾಸನೆಗೆ ನಾಲ್ಕೈದು ದಿನ ನೆರಳಲ್ಲಿ ಫ್ಯಾನಿನ ಕೆಳಗೆ ಹರಡುವುದೇ ಮದ್ದು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ರೇಷ್ಮೆಯೂ ಸೊರಗುತ್ತದೆ.

ಹಳೆ ಫಾಲ್ಸ್ ಬಿಚ್ಚಿಸಿ, ಅದು ಕುಗ್ಗಿ ಸೀರೆಯ ಅಂಚನ್ನು ಎಳೆದುಕೊಂಡಿರುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಮೇಲೆ ಐದು ನಿಮಿಷ ಒತ್ತಿಟ್ಟು ನೋಡಿ. ಕೆಂಪು, ಕಪ್ಪು ಅಂಚುಗಳು ಹೆಚ್ಚಾಗಿ ಬಿಡುತ್ತವೆ. ಬಿಟ್ಟರೆ ನೀರಿನ ಮಾತೇ ಬೇಡ, ಡ್ರೈಕ್ಲೀನ್‌ಗೆ ಕೊಡಿ. ಕೊಡುವಾಗ "ರೋಲ್ ಪಾಲಿಶ್ ಬೇಡ" ಎಂದು ಚೀಟಿಯ ಮೇಲೇ ಬರೆಸಿ. ರೋಲರ್ ಸೀರೆಯನ್ನು ಬಿಗಿಯಾಗಿ ಎಳೆದು ಸುತ್ತುತ್ತದೆ, ಸುಸ್ತಾದ ಮಡಿಕೆ ಆ ಎಳೆತಕ್ಕೆ ಉದ್ದಕ್ಕೂ ಸೀಳುತ್ತದೆ. ಹಳೆ ಸೀರೆ ಹಾಳಾಗುವುದು ಬೀರುವಿನಲ್ಲಿ ಎಷ್ಟೋ ಪಾಲಿಶ್ ಅಂಗಡಿಯಲ್ಲೂ ಅಷ್ಟೇ. ಕಪ್ಪಾದ ಜರಿಯನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ, ಮೇಲಿನ ತೆಳು ಚಿನ್ನ ಹೋಗಿ ಬಿಳುಚಿಕೊಳ್ಳುತ್ತದೆ. ಸಣ್ಣ ತೂತಿಗೆ ಡಾರ್ನಿಂಗ್, ಒಂದೆರಡು ಕಡೆ ಪಿಸಿದಿದ್ದರೆ ಹಿಂಬದಿಗೆ ಅದೇ ಬಣ್ಣದ ನೆಟ್. ಅದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ವಾಪಸ್ ಬರುವುದಿಲ್ಲ.

ಇಡುವುದು ಗಂಜಿ ಹಾಕದ, ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ. ಮೂರು ತಿಂಗಳಿಗೊಮ್ಮೆ ಬೇರೆ ಗೆರೆಯಲ್ಲಿ ಮಡಿಸಿ.

ಫೋಟೋ, ವಿವರ, ಬೆಲೆ

ಫ್ಲಾಶ್ ಹಾಕಿದರೆ ಎಲ್ಲ ಜರಿಯೂ ಒಂದೇ ಥರ ಮಿಂಚುತ್ತದೆ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ತೆಗೆಯಿರಿ. ಪೂರ್ತಿ ಸೀರೆ, ಸೆರಗು, ಅಂಚಿನ ಹತ್ತಿರದ ಚಿತ್ರ, ಹಿಂಬದಿ, ಪ್ರತಿಯೊಂದು ದೋಷದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಒಂದೊಂದು ಚಿತ್ರ. ವಿವರದಲ್ಲಿ ಉದ್ದ, ಅಗಲ, ತೂಕ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಜರಿ ಯಾವುದು, ಎಲ್ಲಿ ರಿಪೇರಿಯಾಗಿದೆ. ಅಗಲವನ್ನು ಮರೆಯಬೇಡಿ, ಈಗಿನವು 45 ಅಂಗುಲದ ಮೇಲಿರುತ್ತವೆ, ಹಳೆಯವು ಕಡಿಮೆ ಇದ್ದರೆ ಎತ್ತರದವರಿಗೆ ಕಾಲು ಮುಚ್ಚುವುದಿಲ್ಲ, ಸೀರೆ ವಾಪಸ್ ಬರುತ್ತದೆ. "ಯಾರ ಸೀರೆ ಇದು" ಎಂದು ಕೆಲವರು ಕೇಳಿಯೇ ಕೇಳುತ್ತಾರೆ. ತೀರಿಕೊಂಡವರದ್ದಾದರೆ ಹಾಗೆಂದೇ ಹೇಳಿ. ಬೇಡವೆನ್ನುವವರು ಆಗಲೇ ಬೇಡವೆನ್ನುವುದು ವಾಸಿ.

ಬೆಲೆಗೆ ಒಂದು ಮಾದರಿ ಲೆಕ್ಕ: ಕೊಂಡದ್ದು 3,000, ಡ್ರೈಕ್ಲೀನ್, ಡಾರ್ನಿಂಗ್, ಫಾಲ್ಸ್, ಕುಚ್ಚು ಸೇರಿ 1,000, ಪ್ಯಾಕಿಂಗ್ ಕೊರಿಯರ್ 250. ಒಟ್ಟು 4,250. ಮಾರಾಟವಾಗದೆ ಕೂರುವ ಸೀರೆಗಳ ಪಾಲು ಇದರ ಮೇಲೆ ಹಾಕಬೇಕು, ಹಾಗಾಗಿ 6,500ಕ್ಕಿಂತ ಕೆಳಗೆ ಮಾರಿದರೆ ಕೈಗೆ ಉಳಿಯುವುದು ಅಲ್ಪ. ಆಷಾಢದಲ್ಲಿ ಕೊಳ್ಳುವುದು, ರಿಪೇರಿ, ಫೋಟೋ ಮುಗಿಸಿಕೊಂಡು ಶ್ರಾವಣ ಹುಟ್ಟಿದ ಕೂಡಲೇ ವರಮಹಾಲಕ್ಷ್ಮಿಗೆ ಮುಂಚೆ ಹಾಕಿ. ಗೌರಿ, ದಸರಾ ತನಕ ಕೈ ಬಿಡುವಿರುವುದಿಲ್ಲ.

ಸರಕಿನ ವ್ಯಾಪಾರ ರಾಜ್ಯದೊಳಗೇ ಇದ್ದು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಚೆನ್ನೈಗೋ ಮುಂಬಯಿಗೋ ಕಳಿಸಲು ಶುರು ಮಾಡಿದರೆ ಲೆಕ್ಕ ಬದಲಾಗುತ್ತದೆ, ಆಡಿಟರನ್ನು ಮೊದಲೇ ಕೇಳಿ. ಹಳೆ ಸರಕಿಗೆ ಮಾರ್ಜಿನ್ ಪದ್ಧತಿ ಇದೆ: ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರಕ್ಕಷ್ಟೇ ತೆರಿಗೆ. ಆದರೆ ಸರಕಿನ ಸ್ವರೂಪ ಬದಲಾಗಿರಬಾರದು, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ತೆಗೆದಿರಬಾರದು. ಸೀರೆ ಕತ್ತರಿಸಿ ಲಂಗ ಹೊಲಿಸಿ ಮಾರಿದರೆ ಈ ಅನುಕೂಲ ಸಿಗುವುದಿಲ್ಲ.

ಪಾರ್ಸಲ್‌ಗೆ ದೊಡ್ಡ ಡಬ್ಬಿ ಬೇಡ. ಕೊರಿಯರಿನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ತೂಕವೆಂದು ಹಿಡಿದು ದುಡ್ಡು ಕೇಳುತ್ತಾರೆ. 40×30×10ರ ಡಬ್ಬಿ ಎಂದರೆ 2.4 ಕೆಜಿ, ಒಳಗಿನ ಸೀರೆ 600 ಗ್ರಾಂ ಇದ್ದರೂ. 35×25×5ರ ಡಬ್ಬಿಗೆ ಅದೇ ಲೆಕ್ಕ 0.875 ಕೆಜಿ. ಸೀರೆಯನ್ನು ಬಟರ್ ಪೇಪರಿನಲ್ಲಿ ಸುತ್ತಿ, ಮಳೆಗೆ ಪಾಲಿಥಿನ್ ಹಾಕಿ, ಡಬ್ಬಿಗೆ ಟೇಪು ಸುತ್ತುವ ತನಕದ ವಿಡಿಯೋ ತೆಗೆದಿಟ್ಟುಕೊಳ್ಳಿ. ಕೊಂಡವರಿಗೂ ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಲು ಮೊದಲೇ ಹೇಳಿ, ಮತ್ತು ಬಿಚ್ಚಲು ಬ್ಲೇಡು ಬಳಸಬೇಡಿ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.