ಬಾಹ್ಯಾಕಾಶದಿಂದ ತೆಗೆದ ಭೂಮಿಯ ಚಿತ್ರಗಳನ್ನು ನೋಡುವ ಬಗೆ

ಭೂಮಿಯನ್ನು ಹೊರಗೆ ನಿಂತು ನೋಡಿದ್ದರಿಂದ ಮನುಷ್ಯನ ದೃಷ್ಟಿ ಬದಲಾಯಿತು ಎಂಬ ಮಾತು ನಮಗೆಲ್ಲ ಪರಿಚಿತ. ಆದರೆ ಆ ಚಿತ್ರಗಳು ಕ್ಯಾಲೆಂಡರಿನಲ್ಲೂ ಮೊಬೈಲಿನ ಪರದೆಯಲ್ಲೂ ಕಂಡು ಕಂಡು ಸವೆದಿರುವುದರಿಂದ, ಬದಲಾದದ್ದು ಏನೆಂದು ತಿಳಿಯಬೇಕಾದರೆ ಅವನ್ನು ಕೊಂಚ ಸಿದ್ಧತೆ ಮಾಡಿಕೊಂಡೇ ನೋಡಬೇಕು.

ಮೊದಲು ದೂರದ ಅಂದಾಜು ಸಿಗಬೇಕು. 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಒಂದನ್ನು ಮೇಜಿನ ಮೇಲಿಟ್ಟು, ಅದರ ಮೈಯಿಂದ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಎತ್ತರದಲ್ಲಿ ಬೆರಳು ಹಿಡಿಯಿರಿ. ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಅಲ್ಲಿ. ಅಲ್ಲಿಂದ ಬಾಗಿದ ಅಂಚು ಕಂಡೀತೇ ಹೊರತು ಇಡೀ ಗೋಳ ಕಾಣದು. ಇದೇ ಅಳತೆಯಲ್ಲಿ ಚಂದ್ರ 9 ಮೀಟರ್ ಆಚೆ, ಪ್ರಾಯಶಃ ಪಕ್ಕದ ಕೋಣೆಯಲ್ಲಿ ಇರುತ್ತಾನೆ. ಅಪೊಲೊ ಯಾತ್ರೆಗಳಲ್ಲಿ ಅಷ್ಟು ದೂರ ಹೋದವರು 24 ಮಂದಿ.

ಇನ್ನು 1968ರ ಡಿಸೆಂಬರ್ 24ರಂದು ಅಪೊಲೊ 8ರಿಂದ ವಿಲಿಯಂ ಆಂಡರ್ಸ್ ತೆಗೆದ, ಚಂದ್ರನ ಅಂಚಿನ ಮೇಲೆ ಭೂಮಿ ಮೂಡುವ ಚಿತ್ರವನ್ನು ತೆರೆಯಿರಿ. ಅದನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿದರೆ ಚಂದ್ರನ ಅಂಚು ಬಲಗಡೆ ಗೋಡೆಯಂತೆ ನಿಲ್ಲುತ್ತದೆ, ಭೂಮಿ ಅದರ ಎಡಕ್ಕೆ ತೇಲುತ್ತದೆ. ಉತ್ತರವನ್ನು ಮೇಲಿಟ್ಟು ನೋಡಿದಾಗಿನ ಸ್ಥಿತಿ ಇದೇ. ಅಚ್ಚಾದ ರೂಪದಲ್ಲಿ ನಾವು ಯಾವುದೋ ನೆಲದ ಮೇಲೆ ನಿಂತ ಭಾವ ಬರುತ್ತದೆ, ತಿರುಗಿಸಿದ ಕೂಡಲೇ ಆ ನೆಲ ಕಾಲ ಕೆಳಗಿನಿಂದ ಜಾರುತ್ತದೆ. ಆಮೇಲೆ ತೋಳು ಚಾಚಿ ಹೆಬ್ಬೆರಳು ಎತ್ತಿ ನೋಡಿ: ಚಂದ್ರನ ಬಳಿಯಿಂದ ಇಡೀ ಭೂಮಿ ಆ ಹೆಬ್ಬೆರಳಿನ ಹಿಂದೆ ಮರೆಯಾಗುತ್ತದೆಂದು ಅದೇ ನೌಕೆಯಲ್ಲಿದ್ದ ಜಿಮ್ ಲೊವೆಲ್ ಹೇಳಿದ್ದರು. ಚಂದ್ರನ ಚಿತ್ರ ತೆಗೆಯಲು ಹೋದವರು ತಂದ ಈ ಒಂದು ಚಿತ್ರದಿಂದಲೇ ಪರಿಸರ ಚಳವಳಿ ಹುಟ್ಟಿತೆನ್ನುವುದು ಅತಿಯಾದ ಮಾತು. 1970ರ ಏಪ್ರಿಲ್ 22ರ ಮೊದಲ ಭೂಮಿ ದಿನದ ಹಿಂದೆ ಎಣ್ಣೆ ಸೋರಿಕೆ, ಹೊಗೆ, ಕೆಟ್ಟ ನೀರು ಎಲ್ಲವೂ ಇದ್ದವು. ಅದಾಗಲೇ ಇದ್ದ ಆತಂಕಕ್ಕೆ ಈ ಚಿತ್ರ ಒಂದು ಮುಖ ಕೊಟ್ಟಿತು ಎನ್ನಬಹುದು.

1972ರ ಡಿಸೆಂಬರ್ 7ರಂದು ಅಪೊಲೊ 17ರಿಂದ ತೆಗೆದ ಇಡೀ ಭೂಮಿಯ ಚಿತ್ರವನ್ನು ತಲೆಕೆಳಗಾಗಿ ನೋಡಿ. ಮೂಲದಲ್ಲಿ ದಕ್ಷಿಣ ಧ್ರುವವೇ ಮೇಲಿತ್ತು. ಅಂಟಾರ್ಕ್ಟಿಕದ ಹಿಮ ನೆತ್ತಿಗೇರಿ ಆಫ್ರಿಕ ತಿರುಗುಮುರುಗಾದಾಗ, ಮೇಲು ಕೆಳಗು ಎನ್ನುವುದು ನಕಾಶೆಯ ರೂಢಿಯಷ್ಟೇ ಎಂಬುದು ಕಣ್ಣಿಗೇ ತಿಳಿಯುತ್ತದೆ. ಅಂದಹಾಗೆ, ಮೇಲಿನಿಂದ ಗಡಿಗಳು ಕಾಣುವುದಿಲ್ಲ ಎಂಬ ಜನಪ್ರಿಯ ಮಾತು ಹಗಲಿಗೆ ಬಹುಮಟ್ಟಿಗೆ ಸರಿ. ರಾತ್ರಿಯಲ್ಲಿ ಭಾರತ–ಪಾಕಿಸ್ತಾನ ಗಡಿಯ ದೀಪಗಳು ಕಿತ್ತಳೆ ಗೆರೆಯಾಗಿ ನಿಲ್ದಾಣದವರಿಗೆ ಸ್ಪಷ್ಟವಾಗಿ ಕಾಣುತ್ತವೆ.

ಕೊನೆಗೆ 1990ರ ಫೆಬ್ರವರಿ 14ರಂದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ವಾಯೇಜರ್ 1 ಎಂಬ ಮಾನವರಹಿತ ನೌಕೆ ತೆಗೆದ ಚಿತ್ರವನ್ನು ಇಟ್ಟುಕೊಳ್ಳಿ. ನಿಮ್ಮ ಗ್ಲೋಬಿನ ಲೆಕ್ಕದಲ್ಲಿ ಆ ಕ್ಯಾಮೆರಾ ಮೇಜಿನಿಂದ 140 ಕಿಲೋಮೀಟರ್ ಆಚೆ ಇದೆ. ಭೂಮಿ ಅದರಲ್ಲಿ ಒಂದು ಪಿಕ್ಸೆಲ್‌ನಷ್ಟೂ ಇಲ್ಲ. ಬಲಗಡೆಯ ಬೆಳಕಿನ ಪಟ್ಟೆಯೊಳಗೆ ಹುಡುಕಿ. ಅದಕ್ಕೂ ಮುಂಚೆ ಪರದೆಯನ್ನು ಒರೆಸಿಕೊಳ್ಳಿ, ಇಲ್ಲವಾದರೆ ಧೂಳಿನ ಕಣವನ್ನೇ ಭೂಮಿಯೆಂದುಕೊಳ್ಳುವಿರಿ.