ಅಬ್ಲೇಶನ್‌ಗೆ ಮುನ್ನ ಅರಿವಳಿಕೆ ಡಾಕ್ಟರ ಹತ್ತಿರ ಏನೇನು ಹೇಳಬೇಕು?

ಎದೆಬಡಿತದ ಲಯ ತಪ್ಪಿದವರಿಗೆ ಅಬ್ಲೇಶನ್ ಮಾಡುತ್ತಾರೆ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ಹೃದಯದವರೆಗೆ ಕಳಿಸಿ, ತೊಂದರೆ ಕೊಡುವ ಜಾಗವನ್ನು ಸುಡುವುದು ಇದರ ಒಂದು ವಿಧಾನ. ಅಷ್ಟು ಹೊತ್ತು ನಿಮ್ಮ ಉಸಿರು, ಬಿಪಿ ಕಾಯುವವರು ಅರಿವಳಿಕೆ ಡಾಕ್ಟರು. ಅವರ ಜೊತೆ ಮೊದಲೇ ಕೂತು ಮಾತಾಡಿ.

ಪೂರ್ತಿ ಅರಿವಳಿಕೆಯೋ, ಬರೀ ಮಂಪರೋ ಅಂತ ಮೊದಲು ಕೇಳಿ. ಎಸ್‌ವಿಟಿ (ಹೃದಯದ ಮೇಲ್ಭಾಗದಿಂದ ಶುರುವಾಗುವ ವೇಗದ ಬಡಿತ) ಇದ್ದವರಿಗೆ ಸಾಮಾನ್ಯವಾಗಿ ಹಗುರ ಮಂಪರು ಸಾಕು. ಜಾಸ್ತಿ ಮಂಪರು ಕೊಟ್ಟರೆ ಆ ವೇಗದ ಬಡಿತ ಏಳದೆ ಹೋಗಬಹುದು. ಅದು ಏಳದಿದ್ದರೆ ಸುಡಬೇಕಾದ ಜಾಗ ಸಿಗುವುದು ಕಷ್ಟ. ಏಟ್ರಿಯಲ್ ಫಿಬ್ರಿಲೇಶನ್‌ಗೆ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ) ಎಷ್ಟೋ ಕಡೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ರೋಗಿ ಅಲುಗಿದರೆ, ಉಸಿರು ಏರುಪೇರಾದರೆ ಕ್ಯಾತಿಟರ್ ತುದಿ ಜಾರುತ್ತದೆ.

ಆಮೇಲೆ ಮಾತ್ರೆಗಳು. ಹೆಸರು ನೆನಪಿಟ್ಟುಕೊಳ್ಳುವ ಬದಲು ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಇವನ್ನು ತಗೊಂಡು ಉಪವಾಸ ಇದ್ದರೆ ಶುಗರ್ ಜಾಸ್ತಿ ಇಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರಬಹುದು. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ಅದನ್ನೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ. ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಗೊರಕೆಯ ವಿಷಯ ಮುಚ್ಚಿಡಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಂಪರಿನಲ್ಲೂ ಕಟ್ಟಬಹುದು. ಅದು ನಿಮಗಿಂತ ಪಕ್ಕದಲ್ಲಿ ಮಲಗುವವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಅವರನ್ನೂ ಕರೆದುಕೊಂಡು ಹೋಗಿ. ಅಲುಗಾಡುವ ಹಲ್ಲು, ಹಲ್ಲಿನ ಸೆಟ್ ಇದ್ದರೂ ತಿಳಿಸಿ.

ಊಟ, ತಿಂಡಿ ಕನಿಷ್ಠ 6 ಗಂಟೆ ಮೊದಲೇ ಮುಗಿದಿರಬೇಕು. ಎಣ್ಣೆ ಪದಾರ್ಥವಾದರೆ 8 ಗಂಟೆ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ನಿಮ್ಮ ಆಸ್ಪತ್ರೆಯವರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. 'ಅರ್ಧ ಲೋಟ ತಾನೇ' ಅಂತ ಕುಡಿದು ಸುಮ್ನೆ ಇರಬೇಡಿ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಕುಡಿದಿದ್ದರೆ ಹೇಳಿಬಿಡಿ, ಸಮಯ ಮುಂದೆ ಹಾಕುತ್ತಾರೆ.

ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಎಚ್ಚರವಾದ ಮೇಲೆ ಗಂಟಲು ಕೆರೆಯಬಹುದು, ಅದು ಉಸಿರಾಟದ ಕೊಳವೆ ಹಾಕಿದ್ದರಿಂದ. ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ತೊಡೆಸಂದಿನಲ್ಲಿ ಬೆಚ್ಚಗೆ ಒದ್ದೆಯಾದಂತೆ ಅನ್ನಿಸಿದರೆ ತಕ್ಷಣ ನರ್ಸನ್ನು ಕರೆಯಿರಿ. ಮನೆಗೆ ಹೋಗುವಾಗ ಜೊತೆಗೊಬ್ಬರು ಇರಲಿ. ಕನಿಷ್ಠ 24 ಗಂಟೆ ಗಾಡಿ ಓಡಿಸಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.