ಫರ್ಗುಸನ್‌ನನ್ನು ಓದಲು ಎಡಿನ್‌ಬರೋದಲ್ಲಿ ಎಲ್ಲಿ ನಿಲ್ಲಬೇಕು

ಹದಿನೆಂಟನೇ ಶತಮಾನದ ಕವಿ ರಾಬರ್ಟ್ ಫರ್ಗುಸನ್ ಸ್ಕಾಟ್ಲೆಂಡಿನ ಆಡುಮಾತಾದ ಸ್ಕಾಟ್ಸ್‌ನಲ್ಲಿ ಬರೆದ ಕವಿತೆಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ಹೋಗಿ ನಾನು ಎರಡು ಸಲ ಕೈಬಿಟ್ಟೆ. ದಕ್ಕಿದ್ದು ಎಡಿನ್‌ಬರೋದ ಬೀದಿಯಲ್ಲೇ. ನೀವು ಹೋದರೆ ಹೀಗೆ ಮಾಡಿ.

ಕೋಟೆಯಿಂದ ಶುರುಮಾಡಬೇಡಿ, ಅಲ್ಲಿ ಬರೀ ನೂಕುನುಗ್ಗಲು. ಹೈ ಸ್ಟ್ರೀಟಿಗೆ ನಾರ್ತ್ ಬ್ರಿಜ್ ಸೇರುವ ಮೂಲೆಯಲ್ಲಿ ನಿಲ್ಲಿ. 1750ರಲ್ಲಿ ಅವನು ಹುಟ್ಟಿದ ಓಣಿ ಇದ್ದದ್ದು ಇಲ್ಲೇ; ಸೇತುವೆ ಕಟ್ಟುವಾಗ ಅಳಿಸಿಹೋಯಿತು. ಎದುರಿಗಿರುವುದು ಟ್ರಾನ್ ಚರ್ಚು. ಅದರ ಗಂಟೆಯ ಕರ್ಕಶಕ್ಕೆ ರೋಸಿ ಒಂದಿಡೀ ಕವಿತೆಯಲ್ಲಿ ಅದನ್ನು ಬೈದಿದ್ದಾನೆ. ಮೊದಲು ಅದನ್ನೇ ಓದಿ, ಗಟ್ಟಿಯಾಗಿ. ಬೈಗುಳ ಅರ್ಥವಾಗಲು ನಿಘಂಟು ಬೇಡ. (ಆ ಗಂಟೆಯ ಗೋಪುರ 1824ರ ಬೆಂಕಿಯಲ್ಲಿ ಸುಟ್ಟುಹೋಯಿತು. ಇವನಿದ್ದಿದ್ದರೆ ಹಬ್ಬ ಮಾಡುತ್ತಿದ್ದ.)

ಗಟ್ಟಿಯಾಗಿ ಯಾಕೆಂದರೆ, ಸ್ಕಾಟ್ಸ್ ಕಿವಿಯ ಭಾಷೆ. ಅವನ ಅಪ್ಪ ಅಮ್ಮ ಈಶಾನ್ಯ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್ ಕಡೆಯವರು. ಮಗ ಪಟ್ಟಣದಲ್ಲಿ ಹುಟ್ಟಿ ಕಚೇರಿಯ ಕಾಗದ ನಕಲು ಮಾಡುತ್ತಿದ್ದ ಗುಮಾಸ್ತ. ಓದಿದವರೆಲ್ಲ ತಮ್ಮ ಮಾತಿನಿಂದ ಸ್ಕಾಟ್ಸ್ ಪದಗಳನ್ನು ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದ ಕಾಲದಲ್ಲಿ, ಇವನು ಅದೇ ಮಾತಿನಲ್ಲಿ ಬೀದಿಯನ್ನು ಬರೆದ.

ಈಗ ಅವನ 1773ರ ಕವಿತೆ ‘ಆಲ್ಡ್ ರೀಕಿ’ ತೆಗೆಯಿರಿ. ಹಾಗೆಂದರೆ ಹಳೇ ಹೊಗೆಯೂರು. ಕಣ್ಣಿಗೆ ಬಿದ್ದ ಯಾವುದಾದರೂ ‘ಕ್ಲೋಸ್’ಗೆ, ಅಂದರೆ ಎತ್ತರದ ಮನೆಗಳ ನಡುವಿನ ಸಂದಿಗೆ, ನುಗ್ಗಿ. ಅಲ್ಲಿ ನಿಂತು, ಬರಿಗಾಲ ಕೆಲಸದ ಹುಡುಗಿಯರು ಬೆಳಗ್ಗೆ ಮೆಟ್ಟಿಲ ಮೇಲಿಂದ ಗಡಿಗೆ ಬಗ್ಗಿಸುವ ಸಾಲುಗಳನ್ನು ಓದಿ. ಸುರಿಯುವ ಹೊಲಸಿಗೆ ಅವನಿಟ್ಟ ಹೆಸರು ಊರಿನ ‘ಗುಲಾಬಿ’. ನಮ್ಮ ಮೂಗಿಗೆ ಅದೊಂದು ಉಪಕಾರವಂತೆ! ಗೋಡೆಗಳು ಎಷ್ಟು ಹತ್ತಿರವೆಂದರೆ, ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲವೆಂದು ನನಗೆ ಹೊಳೆದದ್ದು ಆಗ.

ಆಮೇಲೆ ಇಳಿಜಾರಿನಲ್ಲಿ ಸೀದಾ ಕ್ಯಾನನ್‌ಗೇಟ್ ಚರ್ಚಿಗೆ ಇಳಿಯಿರಿ. ಬಾಗಿಲ ಹೊರಗೆ, ಬಿರಬಿರನೆ ನಡೆಯುತ್ತಿರುವ ಅವನ ಪ್ರತಿಮೆಯಿದೆ, 2004ರದ್ದು. ಫೋಟೊ ಸಾಕು, ಚರ್ಚಿನ ಸ್ಮಶಾನದೊಳಗೆ ಹೋಗಿ. 1774ರಲ್ಲಿ, 24ರ ಪ್ರಾಯದಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತವನಿಗೆ ಸಮಾಧಿಕಲ್ಲೂ ಇರಲಿಲ್ಲ. 1787ರಲ್ಲಿ ಅನುಮತಿ ಬೇಡಿ ಕಲ್ಲು ಮಾಡಿಸಿದವನು ಸ್ಕಾಟ್ಲೆಂಡಿನ ಹೆಸರಾಂತ ಕವಿ ರಾಬರ್ಟ್ ಬರ್ನ್ಸ್. ಕಲ್ಲು ನಿಲ್ಲಿಸಲು ಎರಡು ವರ್ಷ ಕಾಯಿಸಿದ ವಾಸ್ತುಶಿಲ್ಪಿಗೆ ಅವನೂ ದುಡ್ಡು ಕೊಡಲು ಎರಡು ವರ್ಷ ಕಾಯಿಸಿದ.

ಕಲ್ಲಿನ ಮೇಲಿನ ಹುಟ್ಟಿದ ವರ್ಷವನ್ನು ನಿಧಾನವಾಗಿ ಓದಿ. ನಾನು ಬೆರಳಾಡಿಸಿಯೇ ನೋಡಿದೆ: 1751. ಕಲ್ಲೇ ಒಂದು ವರ್ಷ ತಪ್ಪಿದೆ.